ಕೆರೆಯಂಗಳದ ಬಳಸುದಾರಿ

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು ನಾನು. ಹೇಳುವವರ ಎದುರಿಗೇ ನಗು ಬಂದೀತೆಂಬ ಹೆದರಿಕೆ. ಈಗ ನಾನೇ ಹೇಳಹೊರಟಿದ್ದೇನೆ. ನಗುವುದಿದ್ದರೆ ನಕ್ಕುಬಿಡಿ, ಬೇಸರವಿಲ್ಲ. ಇಂಥ ಕಥೆಗಳೆಲ್ಲ ಸರಿರಾತ್ರಿಯಲ್ಲಿ ನಡೆಯುತ್ತವಂತೆ. ನನ್ನದು ನಡೆದದ್ದು ಹಾಡುಹಗಲಿನಲ್ಲಿ, ಕೈಯಲ್ಲಿ ಅಳತೆಯ ಟೇಪು ಹಿಡಿದುಕೊಂಡಿದ್ದಾಗ.

ಆಗ ನಾನು ಯೂನಿವರ್ಸಿಟಿಯಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುತ್ತಿದ್ದೆ. ನೆಲ, ನೀರು, ಗಿಡಮರ, ಜನ ಓಡಾಡುವ ದಾರಿ ಎಲ್ಲವನ್ನೂ ನೋಡಿಕೊಂಡು ಒಂದು ಜಾಗವನ್ನು ರೂಪಿಸುವ ವಿದ್ಯೆ ಅದು. ಕೊಟ್ಟೂರಿನ ನಮ್ಮ ಮನೆಯಲ್ಲಿ ಇದನ್ನು ಯಾರಿಗೂ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ. "ಹಡಗಲ್ಯಾಗ ಮಲ್ಲಿಗಿ ಹಚ್ಚೋರೆಲ್ಲ ಯಾವ ಕಾಲೇಜಿಗೆ ಹೋಗ್ಯಾರವ್ವ?" ಎಂದು ಅಪ್ಪ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು. ಕೇಳುತ್ತಲೇ ಓದಿಸುತ್ತಲೂ ಇದ್ದರು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾನು ಫೇಲಾದಾಗ ಮಾತ್ರ, ಇನ್ನೊಂದು ಸಲ ಹೀಗಾದರೆ ಓದು ಸಾಕು, ಮನೆಗೆ ಬಾ ಎಂದರು. ಕೂಗಾಡಿದ್ದರೆ ವಾಸಿಯಿತ್ತು. ತಣ್ಣಗೆ ಹೇಳಿದರು.

ಫೇಲಾದದ್ದೇಕೆಂದು ನಮ್ಮ ಗೈಡ್ ಮೇಡಂ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ನಿನ್ನ ನಕ್ಷೆಯಲ್ಲಿ ಗೆರೆಗಳಿವೆ, ಕಾರಣಗಳಿಲ್ಲ; ಕಾರಣ ಹೇಳಲಾಗದ ಗೆರೆಯನ್ನು ಅಳಿಸಿಬಿಡು ಎಂದಿದ್ದರು. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ಎರಡನೆಯ ಸಲ ನಾನು ಆರಿಸಿಕೊಂಡದ್ದು ಕೂಡ್ಲಿಗಿ ಹತ್ತಿರದ ಹಳ್ಳಿಯೊಂದರ ಬತ್ತಿದ ಕೆರೆಯಂಗಳ. ಊರಿನವರು ಬಸ್ಸು ಹಿಡಿಯಲು ಅದನ್ನು ದಾಟಿಯೇ ಹೆದ್ದಾರಿಗೆ ಹೋಗುತ್ತಿದ್ದರು. ಆ ಕಾಲುದಾರಿಗೆ ನೆರಳು ಕೊಡುವುದು, ಕುರಿಗಳು ನಿಲ್ಲಲು ಜಾಗ ಮಾಡುವುದು, ಇಷ್ಟೇ ನನ್ನ ಯೋಜನೆ. ಕೂಡ್ಲಿಗಿಯಲ್ಲಿದ್ದ ಸೋದರತ್ತೆ ಗಂಗಮ್ಮನ ಮನೆಯಲ್ಲಿ ಉಳಿದುಕೊಂಡೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಅತ್ತೆಯೇ ಬಂದಳು, ಬುತ್ತಿ ಕಟ್ಟಿಕೊಂಡು, ಗೊಣಗಿಕೊಂಡು.

ಎಷ್ಟು ದಣಿದಿದ್ದೆ ಎಂದರೆ, ಆ ದಿನಗಳಲ್ಲಿ ನನಗೆ ಹಸಿವೂ ತಿಳಿಯುತ್ತಿರಲಿಲ್ಲ. ಹಗಲೆಲ್ಲ ಅಳೆಯುವುದು, ರಾತ್ರಿ ಬರೆಯುವುದು, ಬರೆದದ್ದನ್ನು ಬೆಳಿಗ್ಗೆ ಅಳಿಸುವುದು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ನನ್ನ ನಿದ್ದೆಗೇಡಿನ ಕಡೆಗೇ ಬೆರಳು ತೋರಿಸುತ್ತಾರೆ.

ಆ ಕಾಲುದಾರಿ ಅಂಗಳದ ನಡುವೆ ಬಾಗಿತ್ತು. ನೆಟ್ಟಗೆ ಬಂದು, ಬಿಲ್ಲಿನ ಹಾಗೆ ಬಳಸಿ, ಮತ್ತೆ ನೆಟ್ಟಗೆ ಹೋಗುತ್ತಿತ್ತು. ಏನನ್ನು ಬಳಸಿತ್ತು ಎಂದರೆ, ಏನನ್ನೂ ಇಲ್ಲ. ಅಲ್ಲಿ ಕಲ್ಲಿರಲಿಲ್ಲ, ಗುಂಡಿಯಿರಲಿಲ್ಲ, ಜಾಲಿಯೂ ಹುಟ್ಟಿರಲಿಲ್ಲ. ಸುತ್ತಲಿನಂಥದೇ ಬಿರಿದ ಮಣ್ಣು. ಕಾರಣವಿಲ್ಲದ ಗೆರೆ ಎಂದುಕೊಂಡೆ, ಅಳಿಸಲು ಹೊರಟೆ.

ಬಾಗು ಶುರುವಾಗುವಲ್ಲಿ ಒಂದು ಗೂಟ, ಮುಗಿಯುವಲ್ಲಿ ಒಂದು ಗೂಟ ಹೊಡೆದು ನಡುವೆ ದಾರ ಬಿಗಿದೆವು. ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತ ನಡೆದೆ. ಆ ತುದಿ ಮುಟ್ಟಿ ತಿರುಗಿ ನೋಡಿದರೆ ದಾರ ನೆಟ್ಟಗಿತ್ತು. ಸುಣ್ಣದ ಗೆರೆ ನಡುವೆ ದಾರ ಬಿಟ್ಟು ದೂರ ಹೋಗಿ, ಬಳಸಿ, ಮತ್ತೆ ದಾರಕ್ಕೆ ಬಂದು ಕೂಡಿತ್ತು.

"ನಿದ್ದಿಗೆಟ್ಟು ಕಣ್ಣು ಮಂಜಾಗ್ಯಾವ ನಿನಗ. ಕೊಡಿಲ್ಲಿ," ಎಂದು ಅತ್ತೆ ಸುಣ್ಣದ ಡಬ್ಬಿ ಕಸಿದುಕೊಂಡಳು. ರಾತ್ರಿಯೆಲ್ಲ ಗೊರಕೆ ಹೊಡೆದು ಮಲಗಿ ಎದ್ದ ಹೆಂಗಸು ಅವಳು. ನಾನು ಈ ತುದಿಯಲ್ಲಿ ನಿಂತು ನೋಡುತ್ತಿದ್ದೆ. ದಾರದ ಪಕ್ಕದಲ್ಲೇ ಹೊರಟವಳು ನಡುವೆ ದಾರ ಬಿಟ್ಟು ಹೊರಳಿದಳು. ಬೀದಿಯಲ್ಲಿ ಮಲಗಿದ ಎಮ್ಮೆಯನ್ನು ಬಳಸಿ ಹೋಗುವಾಗ ನಾವು ಹೇಗೆ ಯೋಚಿಸುವುದಿಲ್ಲವೋ, ಹಾಗೆ. ಅವಳ ಸುಣ್ಣ ನನ್ನ ಸುಣ್ಣದ ಮೇಲೆಯೇ ಬಿದ್ದಿತ್ತು. ತಿರುಗಿ ನೋಡಿದ ಅತ್ತೆ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನನಗೆ ಹಟ ಬಂತು. ದಾರವನ್ನೇ ಮುಷ್ಟಿಯಲ್ಲಿ ಹಿಡಿದು, ಅದನ್ನೇ ನೋಡುತ್ತ ನಡೆದೆ. ಬೆವರಿದ ಅಂಗೈಯಲ್ಲಿ ದಾರ ಜಾರುತ್ತಿದ್ದದ್ದು ನೆನಪಿದೆ. ಆಚೆ ಗೂಟಕ್ಕೆ ಕಾಲು ತಗಲಿದ್ದೂ ನೆನಪಿದೆ. ಅಷ್ಟು ಹೊತ್ತಿಗೆ ಕೈ ಖಾಲಿಯಾಗಿತ್ತು. ಎಲ್ಲಿ ಬಿಟ್ಟೆ, ಯಾವಾಗ ಬಿಟ್ಟೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಭಯವಾಗಲಿಲ್ಲ. ಸಾಕಪ್ಪಾ ಎನಿಸಿ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೆಂಗಸೊಬ್ಬಳು ಬಂದಳು. ಕುರಿಗಳು ದಾರದ ಹತ್ತಿರ ಬಂದು, ಒಂದರ ಹಿಂದೊಂದು ಬಳಸಿ ಹೋದವು. ಅಲ್ಲಿ ಏನೈತವ್ವ ಎಂದು ಅತ್ತೆ ಕೇಳಿದಳು.

"ಏನಿಲ್ಲಲ್ರಿ," ಎಂದಳು ಅವಳು, ನಮ್ಮನ್ನೇ ವಿಚಿತ್ರವಾಗಿ ನೋಡಿ. "ಏನರ ಇದ್ರ ಸರಿಸಿ ಹೋಗ್ತಿದ್ವಿ."

ಯೂನಿವರ್ಸಿಟಿಗೆ ಮರಳಿ ನಕ್ಷೆ ಬರೆದೆ. ಬಾಗನ್ನು ಬರೆದರೆ ಕಾರಣ ಕೇಳುತ್ತಾರೆ. ಹೇಳಲು ನನ್ನಲ್ಲಿ ಏನಿತ್ತು? ದಾರಿಯನ್ನು ಊರಿನಿಂದ ಹೆದ್ದಾರಿಯವರೆಗೆ ಸ್ಕೇಲಿಟ್ಟು ನೆಟ್ಟಗೆ ಎಳೆದೆ. ನಡೆದದ್ದನ್ನು ಮೇಡಂಗೂ ಹೇಳಲಿಲ್ಲ, ಗೆಳತಿಯರಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ಗೋಡೆಗೆ ಅಂಟಿಸಿದ ನನ್ನ ಹಾಳೆಯ ಮುಂದೆ ನಿಂತರು. ಎಲ್ಲರ ನಕ್ಷೆಯಲ್ಲೂ ಅವರು ಹಾಗೆಯೇ ಮಾಡುತ್ತಿದ್ದರು, ಪೆನ್ನಿನ ಮುಚ್ಚಳದಿಂದ ದಾರಿಯ ಮೇಲೆ ನಡೆದುನೋಡುವುದು. "ನಾನೀಗ ಬಸ್ಸಿಗೆ ಹೊರಟಿದ್ದೇನೆ ಅಂದುಕೊಳ್ಳಿ," ಎಂದು ಊರಿನಿಂದ ಹೊರಟರು. ಅವರ ಪೆನ್ನು ನನ್ನ ಗೆರೆಯ ಮೇಲೆ ಬಂತು. ಅಂಗಳದ ನಡುವೆ ಗೆರೆ ಬಿಟ್ಟಿತು. ಬಿಳಿ ಹಾಳೆಯ ಮೇಲೆ ಬಳಸಿ ಹೋಗಿ ಮತ್ತೆ ಗೆರೆಗೆ ಸೇರಿತು.

"ಇಲ್ಲಿ ಯಾಕೆ ಬಳಸಿದ್ದೀರಿ? ನೆಟ್ಟಗೆ ಹೋಗಬಹುದಿತ್ತಲ್ಲ," ಎಂದರು.

"ನೆಟ್ಟಗೇ ಇದೆ ಸರ್," ಎಂದೆ.

ಅವರು ಹಾಳೆ ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು. ಪೆನ್ನನ್ನು ಜೇಬಿಗಿಟ್ಟು, ಬೇರೆ ಯಾವ ಪ್ರಶ್ನೆಯನ್ನೂ ಕೇಳದೆ, ಮುಂದಿನವರು ಬರಲಿ ಎಂದರು.

ನಾನು ಪಾಸಾದೆ. ಅತ್ತೆಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಪಾಸಾದಿ ಇಲ್ಲೋ? ಇನ್ನರ ಮಲಕ್ಕೊ," ಎಂದಳು. ಮಲಗಿದೆ, ಮರುದಿನ ಸಂಜೆಯವರೆಗೂ ಏಳಲಿಲ್ಲ.

ಈಗ ನಾನು ಒಂದು ಸಣ್ಣ ಆಫೀಸಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದವರಿಗೆ ಮೇಡಂ ಹೇಳಿದ ಮಾತನ್ನೇ ಹೇಳುತ್ತೇನೆ, ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಆ ಹಾಳೆ ಸುರುಳಿ ಸುತ್ತಿ ಬೀರುವಿನ ಮೇಲಿದೆ. ಅದರಲ್ಲಿ ದಾರಿ ಇವತ್ತಿಗೂ ನೆಟ್ಟಗಿದೆ, ನಾನೇ ಸ್ಕೇಲಿಟ್ಟು ಎಳೆದದ್ದು. ಅದರ ಮೇಲೆ ಬೆರಳಿಟ್ಟು ಊರಿನಿಂದ ಹೆದ್ದಾರಿಯವರೆಗೆ ಒಮ್ಮೆ ಹೋಗಿನೋಡಬೇಕು ಎಂದುಕೊಳ್ಳುತ್ತೇನೆ. ಇನ್ನೂ ಹೋಗಿಲ್ಲ.