ಸಮುದ್ರ ಕಾಣುವ ಕೋಣೆ

ಊರಿನವರು ಅವಳನ್ನು ಚಾದರದಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಅತಿಥಿಗಳು ಬೆಳಿಗ್ಗೆ ಹತ್ತಕ್ಕೆ ಹೊರಡುತ್ತಾರೆ, ಹೊಸಬರು ಮಧ್ಯಾಹ್ನ ಎರಡಕ್ಕೆ ಬರುತ್ತಾರೆ. ಆ ನಾಲ್ಕು ಗಂಟೆಯೊಳಗೆ ಬೀಚಿನ ದಾರಿಯ ಬಾಡಿಗೆ ಮನೆಗಳಲ್ಲಿ ಹಾಸಿಗೆ ಬದಲಾಯಿಸಿ, ನೆಲ ಒರೆಸಿ, ಬಚ್ಚಲು ತೊಳೆಯುವುದು ಅವಳ ಕೆಲಸ. ಹೆಗಲ ಮೇಲೆ ಚಾದರಗಳ ಗಂಟು, ಕೈಯಲ್ಲಿ ಬಕೆಟ್ಟು. ಅವಳು ಹಾಸಿದ ಚಾದರದಲ್ಲಿ ಒಂದು ಸುಕ್ಕು ಹುಡುಕಿ ತೋರಿಸಿದವರಿಲ್ಲ.

ಆ ಮನೆಗಳಿಗೆ ಸೀಸನ್ನಿನಲ್ಲಿ ಒಂದು ರಾತ್ರಿಗೆ ಎಷ್ಟು ತೆಗೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅದು ಅವಳ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಅದು ದೊಡ್ಡವರ ವ್ಯವಹಾರ ಅಂದುಕೊಂಡಿದ್ದಳು.

ಆ ಬಾಡಿಗೆ ಮನೆಗಳಲ್ಲಿ ಕೆಲವಕ್ಕೆ ಒಡತಿಯಾಗಿದ್ದ ಓನರಮ್ಮನ ಸ್ವಂತ ಮನೆಯ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವಳೂ ಅವಳ ಅತ್ತೆಯೂ ಇದ್ದರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಯ ಎರಡೂ ಕಣ್ಣು ಅದಕ್ಕಿಂತ ಮೊದಲೇ ಹೋಗಿದ್ದವು. ಆದರೆ ಆ ಕೋಣೆಯೊಳಗೆ ಅತ್ತೆಯನ್ನು ಕುರುಡಿ ಎನ್ನುವಂತಿರಲಿಲ್ಲ. ಮಂಚದಿಂದ ಒಲೆಗೆ ಐದು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ಮೂರು. ಟೀ ಕಾಸುವುದು, ಅನ್ನಕ್ಕಿಡುವುದು ಎಲ್ಲ ಅವರದೇ. ಸೊಸೆ ಹೊಸ್ತಿಲಿಗೆ ಕಾಲು ತಗುಲಿಸಿಕೊಂಡರೆ, "ಕಣ್ಣು ಇರೋದು ನಿನಗೆ, ಎಡವೋದೂ ನೀನೇ" ಎಂದು ನಗುತ್ತಿದ್ದರು. ಅತ್ತೆ ಹೀಗೆ ತಮ್ಮ ಪಾಡಿಗೆ ತಾವಿದ್ದದ್ದರಿಂದಲೇ ಸೊಸೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿಬರುತ್ತಿದ್ದಳು.

ಆ ವರ್ಷ ಬೀದಿಯ ಮಾಲೀಕರು ತಿಂಗಳ ಬಾಡಿಗೆಯವರನ್ನು ಒಬ್ಬೊಬ್ಬರನ್ನಾಗಿ ಮನೆ ಬಿಡಿಸತೊಡಗಿದರು. ಒಂದು ದಿನ ಓನರಮ್ಮ ಮೆಟ್ಟಿಲ ಬಳಿ ನಿಂತು, "ಭಾನುವಾರ ನಿಮ್ಮ ಕೋಣೆ ಒಂದ್ಸಲ ನೋಡ್ಬೇಕು ಕಣೇ" ಅಂದರು.

ಕೋಣೆ ಹಾಳು ಮಾಡಿದ್ದಾರಾ ಎಂದು ನೋಡಲು ಬರುತ್ತಿದ್ದಾರೆ, ಚೊಕ್ಕಟವಾಗಿದ್ದರೆ ಸುಮ್ಮನಾಗುತ್ತಾರೆ ಎಂದು ಎಣಿಸಿದಳು. ಎರಡು ದಿನ ಕೆಲಸ ಮುಗಿಸಿ ಬಂದವಳೇ ಗೋಡೆ ಉಜ್ಜಿದಳು, ಒಲೆಯ ಜಿಡ್ಡು ಕೆರೆದಳು.

"ಏನೇ ಇದು, ನನ್ನನ್ನ ಹೆಣ್ಣು ನೋಡೋಕೆ ಬರ್ತಿದಾರಾ?" ಅತ್ತೆ ಮಂಚದ ಮೇಲೆ ಕಾಲು ಎತ್ತಿಕೊಂಡು ಕೇಳಿದರು.

"ಓನರಮ್ಮ ಬರ್ತಾರೆ ಅತ್ತೆ. ಗಲೀಜು ಕಂಡ್ರೆ ಖಾಲಿ ಮಾಡಿ ಅಂತಾರೆ."

"ಗಲೀಜು ಕೋಣೆ ಯಾರಿಗೆ ಬೇಕು? ಹಾಗೇ ಇರ್ಲಿ ಬಿಡು."

ಅವಳು ಬಿಡಲಿಲ್ಲ. ತುಕ್ಕು ಹಿಡಿದು ವರ್ಷಗಳಿಂದ ತೆರೆಯದೇ ಇದ್ದ ಕಿಟಕಿಯ ಗಾಜಿನ ಮೇಲೆ ಉಪ್ಪುಗಾಳಿಯ ಬಿಳಿ ಪೊರೆ ಕಟ್ಟಿತ್ತು. ಅದನ್ನು ಬಲವಾಗಿ ಎಳೆದು ತೆರೆದು, ಬಾಡಿಗೆ ಮನೆಗಳಲ್ಲಿ ಮಾಡುವಂತೆಯೇ ಎರಡೂ ಬದಿಗೆ ವಿನೆಗರ್ ಹಚ್ಚಿ, ಹಳೆಯ ಪೇಪರಿನಿಂದ ತಿಕ್ಕಿದಳು. ಮೂರನೆಯ ಸಲ ತಿಕ್ಕಿದಾಗ ಎರಡು ಕಟ್ಟಡಗಳ ನಡುವೆ ಒಂದು ಗೇಣಿನಷ್ಟು ಸಮುದ್ರ ಕಾಣಿಸಿತು.

ಭಾನುವಾರ ಓನರಮ್ಮ ಬಂದು ಗೋಡೆಯ ಮೇಲೆ ಬೆರಳಾಡಿಸಿ ನೋಡಿದರು. ಕಿಟಕಿಯ ಮುಂದೆ ತುಂಬ ಹೊತ್ತು ನಿಂತರು.

"ಇಲ್ಲಿಂದ ಸಮುದ್ರ ಕಾಣುತ್ತಾ? ನನಗೇ ಗೊತ್ತಿರ್ಲಿಲ್ಲ ನೋಡು." ಫೋನು ತೆಗೆದರು. "ಅಜ್ಜಿ, ಸ್ವಲ್ಪ ಆ ಕಡೆ ಸರೀರಿ. ಫೋಟೋದಲ್ಲಿ ಬರ್ತೀರಿ."

ಅತ್ತೆ ಸರಿದರು. ಸೊಸೆಗೆ ಆಗಲೇ ಎಲ್ಲ ತಿಳಿಯಿತು.

"ಸೀಸನ್ ಎರಡೇ ತಿಂಗಳು" ಎಂದರು ಓನರಮ್ಮ. "ಕೆಳಗೆ ಬಟ್ಟೆ ಒಗೆಯೋ ಶೆಡ್ಡಿನಲ್ಲಿ ಇರಿ. ಬಾಡಿಗೆ ಬೇಡ. ಆಮೇಲೆ ಕೋಣೆ ನಿಮ್ಮದೇ."

"ಅಮ್ಮಾ, ಅತ್ತೆಗೆ ಈ ನಾಲ್ಕು ಗೋಡೆ ಬಿಟ್ರೆ ಬೇರೆ ಗೊತ್ತಿಲ್ಲ. ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಡ್ತೀನಿ."

"ಸಮುದ್ರ ಕಾಣೋ ಕೋಣೆಗೆ ಎಷ್ಟು ಬರುತ್ತೆ ಅಂತ ನಿನಗೆ ನಾನು ಹೇಳ್ಬೇಕಾ? ಅಷ್ಟು ಕೊಡ್ತೀಯಾ?"

ಆ ವಾರವೇ ಅವಳು ಅತ್ತೆಯ ಕೈ ಹಿಡಿದು ಕೆಳಗಿಳಿಸಿದಳು.

ಶೆಡ್ಡಿನಲ್ಲಿ ಎರಡು ಮೆಷಿನ್ನುಗಳು ಹಗಲೆಲ್ಲ ಗಡಗಡ ಎನ್ನುತ್ತಿದ್ದವು. ನೆಲ ಸದಾ ಒದ್ದೆ. ಆ ಸದ್ದಿನಲ್ಲಿ ಅತ್ತೆಗೆ ದಿಕ್ಕೇ ಹತ್ತಲಿಲ್ಲ. ಕೂರಿಸಿದಲ್ಲೇ ಕೂತಿರುತ್ತಿದ್ದರು. ಸೊಸೆ ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮಧ್ಯೆ ಓಡಿ ಬಂದು ಅವರನ್ನು ಬಚ್ಚಲಿಗೆ ಕರೆದೊಯ್ಯಬೇಕಾಯಿತು. ಹರಿದ ಚಾದರ ಸೀಳಿ ಹೊಸೆದು, ಮಂಚದಿಂದ ಬಚ್ಚಲವರೆಗೆ ಕಟ್ಟಿ, "ಇದನ್ನ ಹಿಡ್ಕೊಂಡು ಹೋಗಿ ಅತ್ತೆ" ಅಂದಳು.

"ಹಗ್ಗ ಹಿಡ್ಕೊಂಡು ಓಡಾಡೋಕೆ ನಾನೇನು ದನಾನಾ?"

ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಎದ್ದರು. ಗೋಡೆ ತಡವುತ್ತಾ ಹೊರಬಂದು, ಮೆಟ್ಟಿಲಿನ ಕಂಬಿ ಕೈಗೆ ಸಿಕ್ಕಿದ್ದೇ ಸರಸರನೆ ಹತ್ತಿದರು. ಬಾಗಿಲು ತೆರೆದಿತ್ತು. ಅತಿಥಿಗಳಾದ ಗಂಡ ಹೆಂಡತಿ ಊಟಕ್ಕೆ ಕೂತಿದ್ದರು. ಮಾತು ಕೇಳಿ ಅತ್ತೆ, "ಯಾರದು ನಮ್ಮನೇಲಿ?" ಎನ್ನುತ್ತಾ ಒಲೆಯ ಕಡೆಗೆ ನಡೆದರು. ಒಲೆಯಿದ್ದ ಜಾಗದಲ್ಲಿ ಓನರಮ್ಮ ಗಾಜಿನ ಮೇಜು ಹಾಕಿಸಿದ್ದರು. ಅದಕ್ಕೆ ತಗುಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಅತಿಥಿಗಳು ಕೆಟ್ಟವರೇನಲ್ಲ. ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿದರು. ಊರಿಗೆ ಹೋದ ಮೇಲೆ ಮಾತ್ರ, ಕೋಣೆ ಬುಕ್ ಮಾಡಿದ್ದ ಆ್ಯಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು. ಕೋಣೆ ಚೆನ್ನಾಗಿದೆ, ಸಮುದ್ರ ಕಾಣುತ್ತದೆ, ಆದರೆ ಗುರುತಿಲ್ಲದವರು ಒಳಗೆ ಬರುತ್ತಾರೆ, ಕೊಟ್ಟ ದುಡ್ಡಿಗೆ ತಕ್ಕದ್ದಲ್ಲ ಎಂದು.

ಓನರಮ್ಮ ಅದನ್ನು ಅವಳಿಗೆ ಓದಿ ಹೇಳಿದರು. "ಎರಡು ಬುಕಿಂಗ್ ಆಗಲೇ ಹೋಯ್ತು. ನಾನು ಕೆಟ್ಟವಳಲ್ಲ ಕಣೇ. ಆದ್ರೆ ನೀವು ಈ ಕಾಂಪೌಂಡಿನಲ್ಲಿ ಇದ್ರೆ ಆಗಲ್ಲ. ಬೇರೆ ಕಡೆ ನೋಡ್ಕೋ. ಕೆಲಸಕ್ಕೆ ಎಂದಿನಂತೆ ಬಾ."

"ಸೀಸನ್ ಆದ್ಮೇಲೆ ಕೋಣೆ ನಮ್ಮದೇ ಅಂದಿದ್ರಿ."

"ವರ್ಷಪೂರ್ತಿ ಕೇಳ್ತಿದಾರೆ ಈಗ" ಎಂದು ಓನರಮ್ಮ ಬೇರೆಡೆ ನೋಡಿದರು.

ಊರಿನಲ್ಲಿ ಅವಳು ಕೇಳದ ಮನೆಯಿಲ್ಲ. ಎಲ್ಲ ಕಡೆಯೂ ದಿನದ ಬಾಡಿಗೆ. ಕೊನೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಇನ್ನೊಂದು ಊರಿನಲ್ಲಿ, ಟೈರ್ ಅಂಗಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಅವರ ಗುರುತಿನವರು ಯಾರೂ ಇರಲಿಲ್ಲ. ಅತ್ತೆಗೆ ಈಗ ನಡೆಯುವುದಿರಲಿ, ಒಬ್ಬರೇ ಎದ್ದು ಕೂರುವುದಕ್ಕೂ ಆಗುತ್ತಿರಲಿಲ್ಲ.

ಅಲ್ಲಿಂದ ಹಳೆಯ ಕೆಲಸಕ್ಕೆ ಹೊರಟ ಮೊದಲ ದಿನ ಅವಳು ಅತ್ತೆಯ ಕೈಗೆಟುಕುವಂತೆ ನೀರು, ಬ್ರೆಡ್ಡು ಇಟ್ಟಳು. ಮೈ ಕೆಳಗೆ ರಬ್ಬರ್ ಶೀಟು ಹಾಸಿದಳು. "ನಾಲ್ಕು ಗಂಟೆಗೆ ಬಂದ್ಬಿಡ್ತೀನಿ. ಇಳಿಯೋಕೆ ಹೋಗ್ಬೇಡಿ ಅತ್ತೆ."

"ಇಳಿದು ಎಲ್ಲಿಗೆ ಹೋಗ್ಲಿ" ಅಂದರು ಅತ್ತೆ.

ಬಸ್ಸಿನ ಹೊತ್ತಾಗಿತ್ತು. ಹೊರಗಿನಿಂದ ಬೀಗ ಹಾಕಿ, ಇನ್ನೊಮ್ಮೆ ಎಳೆದು ನೋಡಿ, ಹೊರಟಳು.