ಮೇಷ್ಟ್ರ ಮಗನ ಮೊದಲ ಮ್ಯಾಚು

ಮೊನ್ನೆ ಶನಿವಾರ ಇಲ್ಲಿ ಡಬ್ಲಿನ್ನಿನ ಲುವಾಸ್ ಟ್ರಾಮಿನಲ್ಲಿ ಒಬ್ಬ ಹುಡುಗ ನನ್ನ ಪಕ್ಕ ಬಂದು ಕುಳಿತ. ಎಲ್ಲೋ ಆಟ ಮುಗಿಸಿ ಬಂದಿದ್ದನೆಂದು ಕಾಣುತ್ತದೆ. ಚಡ್ಡಿಯಲ್ಲೇ ಇದ್ದ, ಕಾಲಿಗೆಲ್ಲ ನೋವಿನ ಮುಲಾಮು ಮೆತ್ತಿಕೊಂಡಿದ್ದ. ಆ ಘಾಟು ಮೂಗಿಗೆ ಅಡರಿದ್ದೇ ತಡ, ನನ್ನ ಕಣ್ಣಲ್ಲಿ ನೀರು. ಎದುರಿಗಿದ್ದ ಹೆಂಗಸು ಟಿಶ್ಯೂ ಕೊಟ್ಟಳು. ಮುಲಾಮಿನ ಖಾರಕ್ಕೆ ಎಂದೆ. ಖಾರಕ್ಕೂ ಇರಬಹುದು... ಆದರೆ ನೆನಪಾದದ್ದು ಪಕ್ಕದ ಮನೆಯ ಮೇಷ್ಟ್ರು. ಕೊರೋನಾದ ಆ ಮೊದಲ ವರ್ಷ ಹಿತ್ತಿಲಲ್ಲಿ ಮಗನನ್ನು ಸ್ಟೂಲಿನ ಮೇಲೆ ಕೂರಿಸಿ, ಇದೇ ಮುಲಾಮನ್ನು ಅವನ ಮೀನಖಂಡಕ್ಕೆ ತಿಕ್ಕುತ್ತಿದ್ದರು. ಅವನು "ಗ್ರ್ಯಾಂಡ್ ಅಪ್ಪಾ, ಗ್ರ್ಯಾಂಡ್, ಸಾಕು" ಎಂದು ಕಾಲೆಳೆದುಕೊಂಡರೂ ಬಿಡುತ್ತಿರಲಿಲ್ಲ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದ್ದೇನೆ, ಪರವಾಗಿಲ್ಲ, ಎಲ್ಲವೂ.

ಮೇಷ್ಟ್ರು ಮೈಸೂರಿನ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹೆಂಡತಿ ಡಾಕ್ಟರು. ಆಕೆಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಎಲ್ಲ ಬಿಟ್ಟು ಡಬ್ಲಿನ್ನಿನ ಅಂಚಿನ ಈ ಟಾಲಾಕ್ಕೆ ಬಂದು, ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡಿಕೊಂಡಿದ್ದರು. ಅವರ ಮನೆಗೂ ನನ್ನ ಮನೆಗೂ ಒಂದೇ ಗೋಡೆ, ಹಿತ್ತಿಲಲ್ಲಿ ಎದೆಮಟ್ಟದ ಬೇಲಿ. ಲಾಕ್‌ಡೌನಿನಲ್ಲಿ ಡಾಕ್ಟರಮ್ಮ ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ನಾನು ಒಂಟಿ ಹೆಂಗಸು, ಅಡುಗೆಮನೆಯ ಮೇಜಿನ ಮೇಲೆ ಆಫೀಸು. ಮಾತಿಗೆ ಸಿಗುತ್ತಿದ್ದವರು ಮೇಷ್ಟ್ರೊಬ್ಬರೇ. ಸಾರಿನ ಡಬ್ಬಿಯನ್ನು ಬೇಲಿಯ ಮೇಲಿಟ್ಟು, ಮುಚ್ಚಳವನ್ನು ಸ್ಯಾನಿಟೈಸರಿನಲ್ಲಿ ಒರೆಸಿ, ದೂರ ಹೋಗಿ ನಿಂತು "ಈಗ ತಗೊಳ್ಳಮ್ಮ" ಎನ್ನುತ್ತಿದ್ದರು. ಸಾರಿಗೂ ಸ್ಯಾನಿಟೈಸರ್ ವಾಸನೆ ಬರುತ್ತಿತ್ತು. ತಿನ್ನುತ್ತಿದ್ದೆ.

ಹಾಗಂತ ಒಳ್ಳೆಯವರು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಊರಿನ ಕಾಲೇಜಿನಲ್ಲಿ ತಮ್ಮ ಸಬ್ಜೆಕ್ಟಿನಲ್ಲಿ ಎಷ್ಟು ಹುಡುಗರು ಡುಮ್ಕಿ ಹೊಡೆದು ವರ್ಷ ಕಳೆದುಕೊಂಡರು ಎನ್ನುವುದನ್ನು ಬೇರೆಯವರು ಮಕ್ಕಳ ಮದುವೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದರು. ಒಬ್ಬ ಹುಡುಗನ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅತ್ತರಂತೆ. "ಅಳೋರನ್ನೆಲ್ಲ ಪಾಸ್ ಮಾಡಿದ್ರೆ ಸೇತುವೆ ನಿಲ್ಲತ್ತಾ? ಇಯರ್ ಬ್ಯಾಕ್ ಆಗ್ಲಿ, ಒಂದು ವರ್ಷ ಕೂತ್ರೆ ಬುದ್ಧಿ ಬರತ್ತೆ" ಎಂದು ಕಳಿಸಿದೆ ಎಂದರು. ಆ ಹುಡುಗ ಆಮೇಲೆ ಏನಾದ ಎಂದು ಕೇಳಿದೆ. ಗೊತ್ತಿಲ್ಲ ಎಂದರು, ಗೊತ್ತಿರಬೇಕಾದ್ದೇ ಇಲ್ಲ ಎನ್ನುವಂತೆ.

ಒಬ್ಬನೇ ಮಗ. ಮಾತು ಬರುವ ಮೊದಲೇ ಇಲ್ಲಿಗೆ ಬಂದವನು. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅಪ್ಪಟ ಟಾಲಾ ಇಂಗ್ಲಿಷಿನಲ್ಲಿ. ಇಲ್ಲಿನವರ ಗೇಲಿಕ್ ಫುಟ್ಬಾಲನ್ನು, ಕೈಯಲ್ಲೂ ಕಾಲಲ್ಲೂ ಆಡುತ್ತಾರಲ್ಲ ಅದನ್ನು, ಚಿಕ್ಕಂದಿನಿಂದ ಹುಚ್ಚು ಹಿಡಿದವನಂತೆ ಆಡಿದ. ಆ ವರ್ಷ ಡಬ್ಲಿನ್‌ನ ಒಂದು ಕಾಲೇಜಿನಲ್ಲಿ ಐದು ವರ್ಷದ ಮೆಡಿಸಿನ್ ಸೀಟು ಸಿಕ್ಕಿತು, ಮೊದಲ ವರ್ಷದಲ್ಲೇ ಕಾಲೇಜು ತಂಡಕ್ಕೂ ಆಯ್ಕೆಯಾದ. ಪಾಠವೆಲ್ಲ ಕಂಪ್ಯೂಟರಿನಲ್ಲಿ, ಅಭ್ಯಾಸ ಮಾತ್ರ ಮೈದಾನದಲ್ಲಿ. ಅಭ್ಯಾಸವಿದ್ದ ದಿನ ಅವನು ಗೇಟು ದಾಟುವಾಗ ನೋಡಬೇಕಿತ್ತು ನೀವು.

ಒಂದು ದಿನ ಕೋಚು ಅವನನ್ನೂ ಇನ್ನೊಬ್ಬ ಹೊಸ ಹುಡುಗನನ್ನೂ ಕರೆದು ಮಾತಾಡಿದ. ಇನ್ನೊಬ್ಬ ಇಲ್ಲಿಯದೇ ಹಳ್ಳಿ ಕಡೆಯ ರೈತನ ಮಗ, ಅವನದೂ ಮೆಡಿಸಿನ್ನೇ. ಅವರು ಆಡುತ್ತಿದ್ದ ಟೂರ್ನಿಯ ನಿಯಮವೇನೆಂದರೆ, ಒಬ್ಬ ಆಟಗಾರ ನಾಲ್ಕು ವರ್ಷ ಮಾತ್ರ ಆಡಬಹುದು. ಯಾವುದಾದರೂ ಒಂದು ಮ್ಯಾಚಿನಲ್ಲಿ ಕ್ಷಣ ಹೊತ್ತು ಮೈದಾನಕ್ಕೆ ಇಳಿದರೂ ಆ ವರ್ಷ ಖರ್ಚಾದಂತೆ. ಇಳಿಯದಿದ್ದರೆ ಉಳಿದಂತೆ. ಕೋಚು ಹೇಳಿದ್ದು ಇಷ್ಟು: ಇಬ್ಬರದೂ ಇನ್ನೂ ಎಳೆ ಮೈ, ಈ ವರ್ಷ ಅಭ್ಯಾಸಕ್ಕೆ ಬನ್ನಿ, ತಿನ್ನಿ, ಮೈ ಬೆಳೆಸಿ, ಮ್ಯಾಚು ಬೇಡ. ಹೇಗೂ ಐದು ವರ್ಷ ಇಲ್ಲೇ ಇರುತ್ತೀರಿ, ಕೊನೆಯ ವರ್ಷ ನೀವು ನನಗೆ ಬೇಕು. ಹುಡುಗ ಕುಣಿದುಕೊಂಡು ಬಂದ. ಬೇಲಿಯ ಆಚೆಯಿಂದ ನನಗೇ ಮೊದಲು ಹೇಳಿದ. ಯಾರನ್ನು ಕೊನೆಯವರೆಗೂ ಇಟ್ಟುಕೊಳ್ಳಬೇಕೆಂದು ಆಸೆಯೋ ಅವರನ್ನು ಮಾತ್ರ ಹೀಗೆ ಉಳಿಸುತ್ತಾರಂತೆ.

ಮೇಷ್ಟ್ರ ಮುಖ ಕಪ್ಪಿಟ್ಟಿತು.

"ನನ್ನ ಮಗನ್ನ ಕೂರಿಸ್ತಾರಂತಮ್ಮ. ಒಂದು ವರ್ಷ" ಎಂದರು ನನ್ನ ಹತ್ತಿರ.

"ಕೂರ್ಸೋದಲ್ಲ ಮೇಷ್ಟ್ರೇ, ಕಾಪಾಡಿಕೊಳ್ಳೋದು. ಅವನೇ ಎಷ್ಟು ಖುಷಿಯಾಗಿದಾನೆ ನೋಡಿ."

"ನೀನು ಹೇಳ್ಬೇಡ. ಇಯರ್ ಬ್ಯಾಕ್ ಅಂದ್ರೆ ಏನೂಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಣ್ಣ ನೋಡಿ ಕೂರ್ಸಿದಾರೆ."

"ಆ ಇನ್ನೊಬ್ಬ ಹುಡುಗ ಹಾಲಿನಂಗೆ ಬೆಳ್ಳಗಿದಾನಲ್ಲ?"

ತಾ ಕಳ್ಳ ಪರರ ನಂಬ ಎಂದು ಸುಮ್ಮನೆ ಹೇಳಿಲ್ಲ. ಅಷ್ಟೊಂದು ಜನರ ಮಕ್ಕಳನ್ನು ಕೂರಿಸಿದವರಿಗೆ, ಕೂರಿಸುವುದು ಎಂದರೆ ಶಿಕ್ಷೆ ಬಿಟ್ಟು ಬೇರೆ ಏನಾದರೂ ಇರಬಹುದೆಂದು ಹೊಳೆಯಲೇ ಇಲ್ಲ. ಊರಿನವರಿಗೆ, ಅಕ್ಕತಂಗಿಯರಿಗೆ, ಹಳೆಯ ಸಹೋದ್ಯೋಗಿಗಳಿಗೆ ಮಗ ಟೀಮಿನಲ್ಲಿದ್ದಾನೆ ಎಂದು ಆಗಲೇ ಡಂಗುರ ಸಾರಿಯಾಗಿತ್ತು. ಆಡುವ ಫೋಟೋ ಎಲ್ಲಿ ಎಂದು ಅವರು ಕೇಳತೊಡಗಿದ್ದರು.

ಮಗ ಬೇಡವೆಂದು ಬೇಡಿಕೊಂಡ. ಡಾಕ್ಟರಮ್ಮ ಡ್ಯೂಟಿ ಮುಗಿಸಿ ಬಂದು, ಮಾಸ್ಕಿನ ಗೀರು ಮುಖದ ಮೇಲೆ ಇದ್ದ ಹಾಗೇ, "ಅವನ ಪಾಡಿಗೆ ಅವನ್ನ ಬಿಡ್ರೀ" ಎಂದರು. ಮೇಷ್ಟ್ರು ಕೇಳುವ ಜಾತಿಯಲ್ಲ. ಹಿತ್ತಿಲಲ್ಲಿ ನಿಂತು, ಸ್ಪೀಕರ್ ಹಾಕಿ, ಕೋಚಿಗೆ ಫೋನು ಮಾಡಿದರು. ತಾರತಮ್ಯ ಎಂದರು, ಕಾಲೇಜಿನ ಮೇಲಿನವರಿಗೆ ದೂರು ಕೊಡುತ್ತೇನೆ ಎಂದರು, ನನ್ನ ಮಗನ ಚರ್ಮ ಎಂದರು. ಕೊನೆಗೆ ಕೋಚು ಬಹಳ ಮೆಲ್ಲಗೆ, "ನೋ ಬಾದರ್ ಅಟ್ ಆಲ್, ಏನೂ ತೊಂದರೆಯಿಲ್ಲ. ಶನಿವಾರ ಆಡ್ತಾನೆ" ಎಂದ.

"ನೋಡಿದ್ಯಾ? ಹೀಗೆ ಕೇಳ್ಬೇಕು" ಎಂದರು ಮೇಷ್ಟ್ರು ನನಗೆ.

ಈ ದೇಶದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಇಲ್ಲಿಯವರು ಕೂಗಾಡಿದರೆ ಭಯವಿಲ್ಲ. ಅಷ್ಟು ಮೆಲ್ಲಗೆ ನೋ ಬಾದರ್ ಅಂದರೆ ಭಯಪಡಬೇಕು. ಹೇಳಿದೆ. ನಕ್ಕರು.

ಶನಿವಾರ ಮೈದಾನಕ್ಕೆ ಜನರನ್ನು ಬಿಡುತ್ತಿರಲಿಲ್ಲ. ಮೇಷ್ಟ್ರು ಲ್ಯಾಪ್‌ಟಾಪನ್ನು ಕಿಟಕಿಯ ಮೇಲಿಟ್ಟು ಲೈವ್ ಹಾಕಿದರು. ಬೇಲಿಯ ಆಚೆ ಅವರ ಕುರ್ಚಿ, ಈಚೆ ನನ್ನ ಕುರ್ಚಿ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಕೂತಿದ್ದರು. ಮೊದಲರ್ಧ ಮುಗಿಯಿತು, ಮಗ ಬೆಂಚಿನ ಮೇಲೆ. ಎರಡನೆಯದೂ ಮುಗಿಯುತ್ತ ಬಂತು. ತಂಡ ಸೋಲುವುದು ಖಚಿತವಾಗಿ, ಆಡುವವರೇ ಕಾಲೆಳೆಯುತ್ತಿದ್ದರು. ಆಗ ಕೋಚು ಹುಡುಗನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ಒಳಗೆ ಕಳಿಸಿದ. ಹುಡುಗ ಓಡಿದ. ತನ್ನ ಜಾಗ ತಲುಪುವ ಮೊದಲೇ ರೆಫರಿ ಸೀಟಿ ಊದಿದ. ಆಟ ಮುಗಿಯಿತು.

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಫೋಟೋ ಹೊಡೆದು ಊರಿಗೆಲ್ಲ ಕಳಿಸಿದರು. ಬೇಲಿಯ ಮೇಲೆ ಕೇಸರಿಬಾತಿನ ಬಟ್ಟಲು ಬಂತು. ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ.

ಹುಡುಗ ಬಂದಾಗ ಕಾಲುಚೀಲಕ್ಕೆ ಒಂದು ಚೂರೂ ಕೆಸರು ಹತ್ತಿರಲಿಲ್ಲ. ಅಪ್ಪನ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೇಳಿದ, ಈಗ ಖುಷಿಯಾಯಿತೇ ಎಂದು. ಕಳಿಸುವಾಗ ಕೋಚು ಏನು ಹೇಳಿದ ಗೊತ್ತೇ ಎಂದ. ಹೋಗು, ನಿಮ್ಮಪ್ಪ ನೋಡ್ತಿರ್ತಾರೆ, ಕೈ ಬೀಸು ಅಂದನಂತೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರಂತೆ. ಇಷ್ಟು ಹೇಳಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ಅವನ ವರ್ಷ ಮುಗಿದಿತ್ತು.

ಕೆಲವೇ ದಿನಕ್ಕೆ ಮತ್ತೆ ಲಾಕ್‌ಡೌನ್. ಆ ಸೀಸನ್ನಿನ ಉಳಿದ ಮ್ಯಾಚುಗಳೆಲ್ಲ ರದ್ದಾದವು. ಮೇಷ್ಟ್ರು ಆಸೆ ಕಟ್ಟಿಕೊಂಡರು. "ಕೊರೋನಾ ವರ್ಷ ಯಾರೂ ಲೆಕ್ಕಕ್ಕಿಡಲ್ಲ, ಎಲ್ರಿಗೂ ಬಿಡ್ತಾರೆ." ಬಿಡಲಿಲ್ಲ. ಇಳಿದವರು ಇಳಿದವರೇ, ಇಳಿಯದವರು ಇಳಿಯದವರೇ ಎಂದರು ಟೂರ್ನಿಯವರು. ರೈತನ ಮಗನ ನಾಲ್ಕೂ ವರ್ಷ ಹಾಗೇ ಉಳಿದವು. ಮೇಷ್ಟ್ರು ಕೋಚಿಗೆ ಮತ್ತೆ ಫೋನು ಮಾಡಿದರು, ಈ ಸಲ ತಪ್ಪಾಯಿತು ಎನ್ನಲು. ಅವನು ಎತ್ತಲಿಲ್ಲ.

ಮಗ ಅಪ್ಪನ ಜೊತೆ ಜಗಳವಾಡಿದ್ದರೆ ವಾಸಿಯಿತ್ತು. ಆಡಲಿಲ್ಲ. ಊಟ ಆಯ್ತಾ ಎಂದರೆ ಗ್ರ್ಯಾಂಡ್. ಮೈ ಹುಷಾರಾ ಎಂದರೆ ಗ್ರ್ಯಾಂಡ್. ಮುಲಾಮು ಹಿಡಿದು ಅವನ ಕೋಣೆಯ ಬಾಗಿಲಲ್ಲಿ ನಿಂತರೂ ಅದೇ ಮಾತು, ಮುಚ್ಚಿದ ಬಾಗಿಲ ಹಿಂದಿನಿಂದ. ಒಂದು ಮಧ್ಯಾಹ್ನ ಮೇಷ್ಟ್ರು ಬೇಲಿಯ ಹತ್ತಿರ ಬಂದು ನಿಂತರು.

"ನನ್ನ ಮಗನಿಗೆ ನಾನೇ ಇಯರ್ ಬ್ಯಾಕ್ ಕೊಟ್ಟೆ ಅಲ್ವೇನಮ್ಮ?"

ಹೌದು ಮೇಷ್ಟ್ರೇ ಎಂದೆ. ಸಮಾಧಾನಕ್ಕೆ ಸುಳ್ಳು ಹೇಳುವುದು ನನ್ನ ಜಾಯಮಾನದಲ್ಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರೆ, ಅಷ್ಟಾದರೂ ಬಂತಲ್ಲ ಎಂದುಕೊಂಡೆ. ತಲೆ ಆಡಿಸಿ ಒಳಗೆ ಹೋದರು.

ಹೊಸ ವರ್ಷದ ಅಲೆಯಲ್ಲಿ ಮೇಷ್ಟ್ರಿಗೇ ಕೊರೋನಾ ಹತ್ತಿತು. ಡಾಕ್ಟರಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದರು. ಮಗನಿಗೆ ಒಳಗೆ ಹೋಗಲು ಅನುಮತಿ ಇರಲಿಲ್ಲ. ಡಾಕ್ಟರಮ್ಮ ಆ ಪ್ಲಾಸ್ಟಿಕ್ಕಿನ ಉಡುಪಿನಲ್ಲೇ ನಿಂತು ಗಂಡನ ಮುಖದ ಮುಂದೆ ಫೋನು ಹಿಡಿದರಂತೆ. ಮೇಷ್ಟ್ರು ಆಕ್ಸಿಜನ್ ಮಾಸ್ಕನ್ನು ಸರಿಸಿ, "ಸಿಟ್ಟಾ ಮಗನೇ?" ಎಂದು ಕೇಳಿದರಂತೆ. ಮಗ ಈ ಕಡೆಯಿಂದ "ಗ್ರ್ಯಾಂಡ್, ಅಪ್ಪಾ" ಎಂದನಂತೆ. ಮಾರನೆಯ ದಿನ ಹೋದರು. ಸಂಸ್ಕಾರಕ್ಕೆ ಹತ್ತೇ ಜನ. ನಾನು ಹೊರಗೆ ಕಾರಿನಲ್ಲಿ ಕೂತು ಫೋನಿನಲ್ಲಿ ನೋಡಿದೆ... ಅವರ ಅಕ್ಕತಂಗಿಯರೂ ಊರಿನಲ್ಲಿ ಕೂತು ಹಾಗೇ ನೋಡಿದರು.

ಮೊನ್ನೆ ಟ್ರಾಮಿನಲ್ಲಿ ನಾನು ಹೊರಟಿದ್ದೂ ಮೈದಾನಕ್ಕೇ. ಮೇಷ್ಟ್ರ ಮಗ ಈಗ ಕೊನೆಯ ವರ್ಷದಲ್ಲಿದ್ದಾನೆ. ಮೂರು ವರ್ಷ ಆಡಿದ, ಒಂದಕ್ಕಿಂತ ಒಂದು ಚೆನ್ನಾಗಿ ಆಡಿದ, ಮೈಯೂ ತುಂಬಿಕೊಂಡಿತು. ಕ್ಷಣ ಹೊತ್ತು ಇಳಿದ ಆ ಮೊದಲ ವರ್ಷವೂ ಸೇರಿ ಅವನ ನಾಲ್ಕು ವರ್ಷ ಆಗಿಹೋಯಿತು, ಈ ವರ್ಷ ಆಡುವಂತಿಲ್ಲ. ಅವನ ಕಾಲೇಜು ಫೈನಲ್ ತಲುಪಿದ್ದು ಈ ಸಲ. ಡಾಕ್ಟರಮ್ಮನಿಗೆ ಬರಲು ಮನಸ್ಸಾಗಲಿಲ್ಲ, ನೀವು ಹೋಗಿ ಎಂದರು. ಅವನು ದಪ್ಪ ಕೋಟು ಹಾಕಿಕೊಂಡು, ನೀರಿನ ಬಾಟಲಿಗಳ ಚೀಲ ಹೊತ್ತು ಗೆರೆಯ ಪಕ್ಕ ನಿಂತಿದ್ದ. ತಂಡ ಗೆದ್ದಿತು. ಕ್ಯಾಪ್ಟನ್ ಆಗಿದ್ದ ರೈತನ ಮಗ ಕಪ್ ಎತ್ತಿದ. ಹಿಂದಿನ ವರ್ಷಗಳ ಮ್ಯಾಚುಗಳಲ್ಲಿ ನನ್ನನ್ನು ಕಂಡಿದ್ದ ಕೋಚು ಗುರುತಿಸಿ ಕೈ ಚಾಚಿದ. ನಾನು ಕೈ ಕೊಡಲಿಲ್ಲ.

ಹುಡುಗ ಖಾಲಿ ಬಾಟಲಿಗಳನ್ನು ಆರಿಸುತ್ತಿದ್ದ. ನಾನೂ ಬಗ್ಗಿ ಒಂದೆರಡು ಆರಿಸಿಕೊಟ್ಟೆ. "ನಿಮ್ಮಪ್ಪ ಇದ್ದಿದ್ರೆ..." ಎಂದು ಶುರು ಮಾಡಿದೆ, ಬಾಯಿಗೆ ಬಂದ ಮಾತು. ಎಂದೂ ಕನ್ನಡದಲ್ಲಿ ಉತ್ತರ ಕೊಡದವನು ತಿಣುಕುತ್ತ ಕನ್ನಡದಲ್ಲೇ ಹೇಳಿದ.

"ಅಪ್ಪ ಇಲ್ದೇ ಇರೋದೇ ಒಳ್ಳೇದು ಆಂಟಿ."

ಕೆನ್ನೆಗೆ ಬಾರಿಸಬೇಕೆನ್ನಿಸಿತು, ಕೈ ಏಳಲಿಲ್ಲ. ಅವರು ಸತ್ತ ದಿನ ಗೊತ್ತಾಗದ್ದು ಅವತ್ತು ಗೊತ್ತಾಯಿತು ನನಗೆ. ಯಾರು ಏನೇ ಅಂದರೂ ಬಿಡದೆ ಎದುರಾಡುತ್ತಿದ್ದ ಮನುಷ್ಯ, ಮಗನ ಈ ಒಂದು ಮಾತಿಗೆ ಎದುರಾಡಲು ಇರಲಿಲ್ಲ.