ಓಲ್ಡ್ ಸ್ಟಿಕ್ ಎಂಬುವವರ ಬೆನ್ನು ಹತ್ತಿ

ನಾನು ಗಾಲ್ಫ್ ಕೋಲನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಹಾಸನದ ನಮ್ಮ ಬೀದಿಯಲ್ಲಿ ಕೋಲು ಹಿಡಿಯುವುದು ಮಂಗ ಓಡಿಸುವುದಕ್ಕೆ ಮಾತ್ರ. ಆದರೂ ಹಳೆಯ ಗಾಲ್ಫ್ ಪತ್ರಿಕೆಗಳಲ್ಲಿ ಹೆಸರು ಹಾಕದೆ ಬರೆದವರು ಯಾರೆಂದು ಪತ್ತೆ ಹಚ್ಚುವ ಹುಚ್ಚು ನನಗೆ. ನಿವೃತ್ತರಾದ ಮೇಲೆ ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ಸೊಸೆಯ ಅಡುಗೆಗೆ ಹೆಸರಿಡುತ್ತಾರೆ. ನಾನು ಸತ್ತವರ ಗುಟ್ಟು ಕೆದಕುತ್ತೇನೆ.

ಹೀಗೆ ಸಿಕ್ಕಿದವರು ‘ಓಲ್ಡ್ ಸ್ಟಿಕ್’ ಎಂಬ ಗುಪ್ತನಾಮದವರು. ಘಟ್ಟದ ಕಡೆಯ ಕಾಫಿ ಪ್ಲಾಂಟರುಗಳ ಆಟವನ್ನು ಇಂಗ್ಲಿಷಿನಲ್ಲಿ ವರದಿ ಮಾಡಿದ ಪುಣ್ಯಾತ್ಮರು. ಇಂಥವರನ್ನು ಹಿಡಿಯಲು ನನ್ನದೊಂದು ಸೂತ್ರವಿದೆ: ಬರಹದಲ್ಲಿ ಯಾರನ್ನು ಹೆಚ್ಚು ಹೊಗಳಿದೆಯೋ ಬರೆದವನು ಅವನೇ. ಹೆಸರು ಬಚ್ಚಿಡಬಹುದು, ಜಂಬ ಬಚ್ಚಿಡಲಾದೀತೆ? ಇಲ್ಲಿ ಹೊಗಳಿಕೆಯೆಲ್ಲ ಆ ಆಟಗಾರರಲ್ಲೊಬ್ಬರಾದ ಶಾಂತಿಗ್ರಾಮದ ರಂಗೇಗೌಡರಿಗೆ. ಸರಿ, ಅವರೇ ಎಂದು ತೀರ್ಮಾನಿಸಿ ಅವರ ಮೊಮ್ಮಗನಿಗೂ ಫೋನು ಮಾಡಿ ಹೇಳಿಬಿಟ್ಟೆ. ಆತ ಹಿಗ್ಗಿಹೋದ. “ಭಾನುವಾರ ತಾತನ್ ಫೋಟೋಗೆ ಆರ ಆಕುಸ್ತೀನಿ, ಊರೋರ್ನೆಲ್ಲ ಕರೀತೀನಿ. ನೀವೇ ಬಂದು ಭಾಷಣ ಮಾಡ್ಬೇಕು ಸಾ!”

ಭಾಷಣ ಬರೆದು ಹೆಂಡತಿಗೆ ಓದಿದೆ. ಅರಕಲಗೂಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು; ಏನು ಓದಿದರೂ ಅಂಕ ಕೊಡದೆ ಬಿಡುವುದಿಲ್ಲ. ಪ್ರತಿ ವರದಿಯಲ್ಲೂ ಆಟಗಾರರು ಗುಡ್ಡದಾಚೆ ಇಳಿದೊಡನೆ ಆಟದ ಸುದ್ದಿ ನಿಂತು, ಫ್ಲಾಸ್ಕಿನ ಕಾಫಿ ಆರಿಹೋದ ಸುದ್ದಿ ಬರುತ್ತದೆ. ಅದನ್ನು ನಾನು ಭಾಷಣದಲ್ಲಿ ‘ಲೇಖಕರ ಅಪರೂಪದ ಸಂಯಮ’ ಎಂದು ಕೊಂಡಾಡಿದ್ದೆ.

“ಸಂಯಮಾನೂ ಇಲ್ಲ, ಮಣ್ಣೂ ಇಲ್ಲ,” ಎಂದಳು. “ಗುಡ್ಡದಾಚೆ ಏನಾಯ್ತು ಅಂತ ಬರೆದೋರಿಗೆ ಕಾಣ್ಲಿಲ್ಲ ಕಣ್ರೀ. ಇದು ಆಡ್ತಿದ್ದೋರು ಬರೆದಿದ್ದಲ್ಲ, ಈಚೆ ಕೂತ್ಕೊಂಡು ಕಾಯ್ತಿದ್ದೋರು ಬರೆದಿದ್ದು. ಗೌಡರ ಹೆಂಡ್ತಿ!”

“ನಿನಗೆ ಹೇಗೆ ಗೊತ್ತು?”

“ನೀವು ಚನ್ನರಾಯಪಟ್ಟಣದಲ್ಲಿ ಹಳೇ ಪುಸ್ತಕದಂಗಡಿ ಹೊಕ್ಕಾಗ ಬಸ್‌ಸ್ಟ್ಯಾಂಡಲ್ಲಿ ಕಾಯೋಳು ಯಾರು?”

ನನ್ನ ಸೂತ್ರ ಮಕಾಡೆ ಮಲಗಿತು. ನನ್ನ ಮಾನ ಹೋದರೆ ಹೋಗಲಿ, ಯಾರೋ ಬರೆದದ್ದಕ್ಕೆ ಊರೆಲ್ಲ ಸೇರಿ ಇನ್ಯಾರಿಗೋ ಹಾರ ಹಾಕುವುದೆ? ಮೊಮ್ಮಗನಿಗೆ ಮತ್ತೆ ಫೋನು ಮಾಡಿ, ಬರೆದವರು ನಿಮ್ಮ ಅಜ್ಜಿ ಇರಬೇಕು ಎಂದೆ.

“ಇದ್ರೂ ಇರ್ಬೋದು ಸಾ,” ಎಂದ ಆತ. “ತಾತಂಗೆ ಇಂಗ್ಲೀಷ್ ಮಾತಾಡಕ್ ಬತ್ತಿತ್ತು, ಬರೆಯಕ್ ಬತ್ತಿರ್ನಿಲ್ಲ. ಅಜ್ಜಿ ಮೈಸೂರಲ್ಲಿ ಓದಿದ್ರು. ಬರೆಯೋದೆಲ್ಲ ಅವರೇಯ.”

“ಅಜ್ಜಿ ಹೆಸರೇನಪ್ಪ?”

“ಎಲ್ರೂವೆ ಗೌಡ್ರಮ್ಮ ಅಂತಿದ್ರು... ತಡೀರಿ ಸಾ, ನಮ್ಮತ್ತೇನ ಕೇಳ್ಬುಟ್ಟು ಏಳ್ತೀನಿ.”

ಭಾನುವಾರ ಶಾಂತಿಗ್ರಾಮದಲ್ಲಿ ಮೈಕಿನ ಮುಂದೆ ನಿಂತು ಅಜ್ಜಿಯ ಹೆಸರು ‘ಪುಟ್ಟತಾಯಮ್ಮ’ ಎಂದು ಸಾರಿದೆ. ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆಯೆಂದರೆ ನನಗೂ ಪ್ರಾಣವೇ. “ಇದನ್ನು ಪತ್ತೆ ಹಚ್ಚಿದವರು...” ಎಂದು ಎದೆ ಮುಟ್ಟಿಕೊಳ್ಳಲು ಹೊರಟವನು, ಮುಂದಿನ ಸಾಲಿನಲ್ಲಿ ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳನ್ನು ಕಂಡು, “ನಮ್ಮ ಮನೆಯವರು” ಎಂದೆ.

ಅವಳ ಹುಬ್ಬು ಮೇಲೇರಿತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಮೈಕನ್ನು ಹತ್ತಿರ ಎಳೆದುಕೊಂಡು, “ಶಾರದ, ಬಿ.ಎ., ಬಿ.ಎಡ್.” ಎಂದು ಬಿಡಿಸಿ ಹೇಳಿದೆ.